ಬರದಿಂದ ಬೊಜ್ಜಿನವರೆಗೆ: ನಮ್ಮ ಮಕ್ಕಳ ಮೈತೂಕದ ಚರಿತ್ರೆ

ಬೇಸಗೆ ರಜೆಗೆ ಊರಿಗೆ ಹೋದ ಮಕ್ಕಳನ್ನು ನಮ್ಮ ಹಿರಿಯರು ಮೊದಲು ಅಳೆಯುವುದು ಕಣ್ಣಿನಿಂದ. "ಯಾಕೋ ಮಗಾ, ಸೊರಗಿ ಹೋಗಿದ್ದೀಯಲ್ಲ" ಎಂದರೆ ಅದು ತಾಯಿಯ ಮೇಲಿನ ದೂರು. "ಮೈಕೈ ತುಂಬಿಕೊಂಡಿದ್ದಾನೆ, ದೃಷ್ಟಿಯಾದೀತು" ಎಂದರೆ ಅದು ತಾಯಿಗೆ ಸಂದ ಬಿರುದು. ಕಲಬುರಗಿಯಾಗಲಿ, ಹಾಸನವಾಗಲಿ, ಉಡುಪಿಯಾಗಲಿ, ಈ ಮಾತಿನಲ್ಲಿ ಭೇದವಿಲ್ಲ. ಹೈದರಾಬಾದಿಗೆ ಬಂದು ನೆಲೆಸಿದ ನಮ್ಮಂಥವರ ಮನೆಗಳಲ್ಲಿಯೂ ಇದೇ ಅಳತೆಗೋಲು ನಡೆದುಬಂದಿದೆ. ಆದರೆ ಇಂದು ವೈದ್ಯರು ಹೇಳುತ್ತಿರುವುದೇ ಬೇರೆ. ಹತ್ತು ಹನ್ನೆರಡು ವರ್ಷದ ಮಕ್ಕಳಲ್ಲಿ ರಕ್ತದೊತ್ತಡ, ಲಿವರಿನಲ್ಲಿ ಕೊಬ್ಬು, ಸಕ್ಕರೆ ಕಾಯಿಲೆಯ ಮುನ್ಸೂಚನೆ ಕಾಣುತ್ತಿದೆಯಂತೆ. ಅಜ್ಜಿಯ ಮಾತು ಸುಳ್ಳೇ, ವೈದ್ಯರ ಮಾತು ಅತಿಯೇ? ಎರಡೂ ಅಲ್ಲ. ಎರಡು ಮಾತುಗಳ ನಡುವೆ ಸುಮಾರು ನೂರೈವತ್ತು ವರ್ಷಗಳ ಚರಿತ್ರೆ ಇದೆ. ಅದರ ಒಂದು ಮುಖ್ಯ ಭಾಗ ನಡೆದದ್ದು ನಮ್ಮ ಮೈಸೂರಿನಲ್ಲಿ, ಇನ್ನೊಂದು ಭಾಗ ನಾವಿರುವ ಈ ಹೈದರಾಬಾದಿನಲ್ಲಿಯೇ. ಅದನ್ನು ಸ್ಥೂಲವಾಗಿ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಧಾತು ಸಂವತ್ಸರದ ನೆನಪು

ಮೈತುಂಬಿದ ಮಗುವನ್ನು ಕಂಡರೆ ನಮ್ಮವರಿಗೆ ಅಷ್ಟೇಕೆ ಸಂತೋಷ? ಇದಕ್ಕೆ ಉತ್ತರ 1876–78ರ ಮಹಾಕ್ಷಾಮದಲ್ಲಿದೆ. ಧಾತು ಸಂವತ್ಸರದಲ್ಲಿ ಮಳೆ ಕೈಕೊಟ್ಟು ಆರಂಭವಾದ ಆ ಬರ ಮೈಸೂರು ಸಂಸ್ಥಾನ, ಬಳ್ಳಾರಿ, ಧಾರವಾಡ, ಬಿಜಾಪುರಗಳನ್ನು ಹಾಗೂ ನಿಜಾಮರ ಆಳ್ವಿಕೆಯಲ್ಲಿದ್ದ ಕನ್ನಡ ಜಿಲ್ಲೆಗಳನ್ನು ಹಿಂಡಿ ಹಾಕಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರ. 1881ರಲ್ಲಿ ಅದು ಸುಮಾರು 41 ಲಕ್ಷ 86 ಸಾವಿರ. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಕುಗ್ಗಿತು. ಬರ ಪರಿಹಾರದ ಕೆಲಸಕ್ಕೆ ಬಂದ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಸಾಕು ಎಂದು ಸರ್ಕಾರದ ಪ್ರತಿನಿಧಿ ರಿಚರ್ಡ್ ಟೆಂಪಲ್ ಗೊತ್ತುಮಾಡಿದರು. ಅಷ್ಟರಲ್ಲಿ ದುಡಿಯುವ ದೇಹ ಉಳಿಯಲಾರದು ಎಂದು ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ವಾದಿಸಿದರು. ನಮ್ಮ ದೇಶದಲ್ಲಿ ಊಟವನ್ನು ತೂಕ ಹಾಕಿ ಲೆಕ್ಕ ನೋಡುವ ವಿದ್ಯೆ ಹಸಿವಿನ ಇಂಥ ಜಗಳಗಳಿಂದ ಬೆಳೆಯಿತೇ ಹೊರತು ಹೊಟ್ಟೆ ತುಂಬಿದವರ ಕುತೂಹಲದಿಂದಲ್ಲ.

ಆ ಬರವನ್ನು ಕಂಡವರ ಮೊಮ್ಮಕ್ಕಳೇ ನಮ್ಮ ಅಜ್ಜ ಅಜ್ಜಿಯರು. ತುಂಬಿದ ಕೆನ್ನೆಯೆಂದರೆ ಮುಂದಿನ ಬರಕ್ಕೆ ಕೂಡಿಟ್ಟ ಬುತ್ತಿ ಎಂದು ಅವರು ತಿಳಿದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಹಾಗೆಂದು ಬೊಜ್ಜಿನ ಕೆಡುಕು ಪ್ರಾಚೀನರಿಗೆ ತಿಳಿದಿರಲಿಲ್ಲವೆಂದಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ 'ಅಷ್ಟೌನಿಂದಿತೀಯ' ಎಂಬ ಒಂದು ಅಧ್ಯಾಯವೇ ಇದೆ. ಅತಿ ಸ್ಥೂಲ ಮತ್ತು ಅತಿ ಕೃಶ ಶರೀರಗಳನ್ನು ಅಲ್ಲಿ ವಿಶೇಷವಾಗಿ ಚರ್ಚಿಸಿ, ಎರಡರಲ್ಲಿ ಕೃಶತೆಯೇ ವಾಸಿ ಎಂದು ಹೇಳಿದೆ. ಅತಿಯಾದ ಊಟ, ವ್ಯಾಯಾಮವಿಲ್ಲದಿರುವುದು, ಹಗಲು ನಿದ್ದೆ ಇವುಗಳ ಜೊತೆಗೆ ಬೀಜಸ್ವಭಾವವನ್ನೂ ಕಾರಣವಾಗಿ ಎಣಿಸಿದೆ. ಆದರೆ ಇದು ಉಂಡುಟ್ಟು ಸುಖವಾಗಿದ್ದ ಕೆಲವರ ಕಾಯಿಲೆಯಾಗಿ ಉಳಿಯಿತು. ಮಕ್ಕಳ ಮಾತಾಗಿ ಜನರ ಬಾಯಿಗೆ ಬರಲಿಲ್ಲ.

ಕೂನೂರಿನ ಇಲಿಗಳು ಮತ್ತು ಕನ್ನಡಿಗರ ಊಟ

1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ, ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ, ಡಾ. ರಾಬರ್ಟ್ ಮೆಕ್‌ಕ್ಯಾರಿಸನ್ ಬೆರಿಬೆರಿ ರೋಗದ ಶೋಧನೆ ಆರಂಭಿಸಿದರು. ಅವರ ಮುಂದಿನ ಪ್ರಯೋಗವೊಂದು ನಮಗೆ ಸ್ವಾರಸ್ಯಕರವಾದದ್ದು. ಭಾರತದ ಬೇರೆ ಬೇರೆ ಜನರ ಊಟವನ್ನು ಬೇರೆ ಬೇರೆ ಇಲಿಗಳ ಗುಂಪಿಗೆ ತಿನ್ನಿಸಿ, ಯಾವ ಗುಂಪು ಚೆನ್ನಾಗಿ ಬೆಳೆಯುವುದೆಂದು ಅವರು ತೂಗಿ ನೋಡಿದರು. ಗೋಧಿ, ಹಾಲು, ಸೊಪ್ಪು ತರಕಾರಿಗಳ ಸಿಖ್ಖರ ಊಟ ಮೊದಲ ಸ್ಥಾನ ಪಡೆಯಿತು. ಅನಂತರ ಪಠಾಣರು, ಮರಾಠರು, ಗೂರ್ಖರು, ಐದನೆಯವರು ಕನ್ನಡಿಗರು, ಆಮೇಲೆ ಬಂಗಾಳಿಗಳು, ಕಡೆಯಲ್ಲಿ ಪಾಲಿಷ್ ಅಕ್ಕಿಯನ್ನೇ ನೆಚ್ಚಿದ ಮದರಾಸಿನ ಊಟ. ಏಳರಲ್ಲಿ ಐದನೆಯದಾದ ನಮ್ಮ ಊಟದ ಬಗ್ಗೆ ಬೇಸರಪಡಬೇಕಾಗಿಲ್ಲ, ಗಮನಿಸಬೇಕಾದದ್ದು ಅಳತೆಗೋಲನ್ನು. ಭಾರವಾದ ಇಲಿಯೆಂದರೆ ಒಳ್ಳೆಯ ಊಟ. ತೂಕವೇ ಆರೋಗ್ಯ. ಅಜ್ಜಿಯ ಕಣ್ಣಳತೆಯೂ ವಿಜ್ಞಾನಿಯ ತಕ್ಕಡಿಯೂ ಆಗ ಒಂದೇ ಮಾತು ಹೇಳುತ್ತಿದ್ದವು. ಎಲ್ಲೆಲ್ಲೂ ಕೊರತೆಯೇ ಇದ್ದಾಗ ಅದು ಸರಿಯಾದ ಮಾತೂ ಆಗಿತ್ತು.

ಮೆಕ್‌ಕ್ಯಾರಿಸನ್‌ರ ನಂತರ ಬಂದ ಡಾ. ಐಕ್ರಾಯ್ಡ್ ಭಾರತೀಯ ಆಹಾರ ಪದಾರ್ಥಗಳ ಪೌಷ್ಟಿಕ ಮೌಲ್ಯದ ಪಟ್ಟಿಯನ್ನು 1937ರಲ್ಲಿ ಹೊರತಂದರು. 1958ರಲ್ಲಿ ಆ ಪ್ರಯೋಗಾಲಯ ಕೂನೂರು ಬಿಟ್ಟು ಹೈದರಾಬಾದಿಗೆ ಬಂದಿತು. ಭಾಷಾವಾರು ಪ್ರಾಂತ್ಯಗಳಾಗಿ ಬೀದರ, ರಾಯಚೂರು, ಕಲಬುರಗಿಗಳು ಹೈದರಾಬಾದಿನಿಂದ ಬೇರೆಯಾಗಿ ಎರಡು ವರ್ಷವಾಗಿತ್ತಷ್ಟೆ. 1969ರಲ್ಲಿ ಅದಕ್ಕೆ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ಎಂಬ ಹೆಸರಾಯಿತು. ಇಂದು ಅಮೀರ್‌ಪೇಟೆಯಲ್ಲಿ ನಾಗೋಲ್ ಕಡೆಯ ಮೆಟ್ರೋ ಹತ್ತಿ ತಾರ್ನಾಕದಲ್ಲಿ ಇಳಿದರೆ ಆ ಸಂಸ್ಥೆ ಹತ್ತಿರವೇ. ಡಾ. ಸಿ. ಗೋಪಾಲನ್, ಡಾ. ಎಸ್.ಜಿ. ಶ್ರೀಕಂಠಯ್ಯ ಮೊದಲಾದವರು ಇಲ್ಲಿ ಮಾಡಿದ ಕೆಲಸದ ಸಾರ ಇಷ್ಟು: ನಮ್ಮ ಬಡ ಮಕ್ಕಳಿಗೆ ಮುಖ್ಯವಾಗಿ ಸಾಲದಿರುವುದು ಹೊಟ್ಟೆ ತುಂಬುವಷ್ಟು ಅನ್ನ, ಅದು ಸಿಕ್ಕರೆ ಪ್ರೋಟೀನಿನ ಕೊರತೆಯೂ ಬಹುಮಟ್ಟಿಗೆ ನೀಗುತ್ತದೆ. 1972ರಲ್ಲಿ ಈ ಸಂಸ್ಥೆಯ ಆಶ್ರಯದಲ್ಲಿ ರಾಷ್ಟ್ರೀಯ ಪೌಷ್ಟಿಕತಾ ಉಸ್ತುವಾರಿ ಬ್ಯೂರೋ ಹುಟ್ಟಿ, ಮನೆ ಮನೆಗೆ ಹೋಗಿ ಜನರ ಊಟವನ್ನೂ ಮೈಯನ್ನೂ ಅಳೆಯಲಾರಂಭಿಸಿತು. 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ದೇಶದ 33 ಕಡೆ ಆರಂಭವಾದಾಗ ಕರ್ನಾಟಕದಲ್ಲಿ ಆರಿಸಿಕೊಂಡದ್ದು ತಿರುಮಕೂಡಲು ನರಸೀಪುರವನ್ನು. ತೂಕ ಹೆಚ್ಚಿಸುವುದೇ ಎಲ್ಲರ ಗುರಿ.

ಅದೇ ಕಾಲದಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಆರಂಭವಾಗಿದ್ದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಎಮ್ಮೆಯ ಹಾಲಿನಿಂದ ಶಿಶು ಆಹಾರದ ಪುಡಿ ಮಾಡುವ ವಿಧಾನವನ್ನು ಕಂಡುಹಿಡಿಯಿತು. ವಿದೇಶದ ಡಬ್ಬಿಗಾಗಿ ಕಾಯುತ್ತಿದ್ದ ದೇಶಕ್ಕೆ ಇದು ದೊಡ್ಡ ಸಾಧನೆ. ಗುಜರಾತಿನ ಆನಂದದ ಸಹಕಾರಿ ಸಂಘ ಅದನ್ನು ಕೈಗೆತ್ತಿಕೊಂಡಿತು. ದುಂಡುಮುಖದ ಮಗುವಿನ ಚಿತ್ರ ಮಧ್ಯಮ ವರ್ಗದ ಅಡುಗೆಮನೆಗಳಿಗೆ ಬಂದಿತು; "ಅಮುಲ್ ಬೇಬಿಯ ಹಾಗಿದೆ" ಎಂಬುದು ಕನ್ನಡದಲ್ಲೂ ಮೆಚ್ಚುಗೆಯ ಮಾತಾಯಿತು.

ತಕ್ಕಡಿ ತಿರುಗಿದ ಬಗೆ

ಈ ನಡುವೆ ಪಶ್ಚಿಮದಲ್ಲಿ ಬೇರೊಂದು ಕಥೆ ತೆರೆದುಕೊಳ್ಳುತ್ತಿತ್ತು. ಕೊರಿಯಾ ಯುದ್ಧದಲ್ಲಿ ಮಡಿದ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವೈದ್ಯರು 1953ರಲ್ಲಿ ಒಂದು ವರದಿ ಪ್ರಕಟಿಸಿದರು. ಸರಾಸರಿ 22 ವರ್ಷದ ಆ ತರುಣರಲ್ಲಿ ಶೇಕಡ 77ರಷ್ಟು ಮಂದಿಯ ಹೃದಯದ ರಕ್ತನಾಳಗಳಲ್ಲಿ ಆಗಲೇ ರೋಗದ ಗುರುತು ಇತ್ತು. ಮುದುಕರದೆಂದು ತಿಳಿದಿದ್ದ ಹೃದ್ರೋಗ ಹುಟ್ಟುವುದು ಯಾವಾಗ ಎಂಬ ಪ್ರಶ್ನೆ ಎದ್ದಿತು. 1970ರ ದಶಕದ ಆರಂಭದಲ್ಲಿ ಡಾ. ಬೆರೆನ್ಸನ್ ಎಂಬುವರು ಲೂಸಿಯಾನಾ ಪ್ರಾಂತ್ಯದ ಬೊಗಲೂಸಾ ಎಂಬ ಸಣ್ಣ ಊರಿನ ಮಕ್ಕಳನ್ನು ಅಳೆಯಲು ತೊಡಗಿ, ದಶಕಗಳ ಕಾಲ ಹಿಂಬಾಲಿಸಿದರು. ಅಪಘಾತ ಮುಂತಾದವುಗಳಿಂದ ಎಳೆಯ ಪ್ರಾಯದಲ್ಲೇ ತೀರಿಕೊಂಡವರ ಶವಪರೀಕ್ಷೆಯಿಂದ 1998ರಲ್ಲಿ ಹೊರಬಂದ ವಿಷಯವಿದು: ಬೊಜ್ಜು, ರಕ್ತದೊತ್ತಡ, ಕೊಲೆಸ್ಟರಾಲ್ ಇವುಗಳಲ್ಲಿ ಹೆಚ್ಚು ಕೂಡಿಕೊಂಡಷ್ಟೂ ಎಳೆಯರ ರಕ್ತನಾಳಗಳ ಒಳಗೋಡೆ ಹೆಚ್ಚು ಕೆಟ್ಟಿತ್ತು. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಶಾಲೆಯ ತೂಕದ ಕಡತಗಳನ್ನು ಜೋಪಾನವಾಗಿ ಇಟ್ಟಿದ್ದರು. 2,76,835 ಮಕ್ಕಳ ಆ ದಾಖಲೆಗಳನ್ನು ನೋಡಿದವರು, 7ರಿಂದ 13ನೆಯ ವಯಸ್ಸಿನಲ್ಲಿ ಭಾರವಾಗಿದ್ದವರಿಗೆ ದೊಡ್ಡವರಾದ ಮೇಲೆ ಹೃದ್ರೋಗ ಹೆಚ್ಚೆಂದು 2007ರಲ್ಲಿ ತೋರಿಸಿದರು. ನಡುವಯಸ್ಸಿನ ಮೇಲೆ ಬರುವುದೆಂದು ಹೆಸರಾಗಿದ್ದ ಎರಡನೇ ಬಗೆಯ ಸಕ್ಕರೆ ಕಾಯಿಲೆ ಹರೆಯದವರಲ್ಲಿ, 1982ರಿಂದ 1994ರೊಳಗೆ, ಹತ್ತು ಪಟ್ಟು ಹೆಚ್ಚಿದ್ದನ್ನು ಅಮೆರಿಕದ ಸಿನ್ಸಿನಾಟಿಯ ವೈದ್ಯರು ವರದಿ ಮಾಡಿದರು.

ಇದೆಲ್ಲ ಶ್ರೀಮಂತ ದೇಶಗಳ ಹಾಡು, ನಮಗೇಕೆ ಎಂದು ಕೇಳಬಹುದು. ಅದಕ್ಕೆ ಉತ್ತರ ಸಿಕ್ಕಿದ್ದು ಮೈಸೂರಿನಲ್ಲಿ.

ಮಿಷನ್ ಆಸ್ಪತ್ರೆಯ ದಾಖಲೆ ಪುಸ್ತಕ

ಮೈಸೂರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಪ್ರತಿಯೊಂದು ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡುವ ಪದ್ಧತಿ ಇತ್ತು. ಕಡತ ಬರೆಯುವುದು, ಕಡತ ಕಾಯುವುದು ಎಂಥ ಪುಣ್ಯದ ಕೆಲಸವೆಂದು ಸರ್ಕಾರಿ ನೌಕರಿಯಲ್ಲಿರುವ ನಮ್ಮಂಥವರು ಇದರಿಂದ ಹೆಮ್ಮೆಪಡಬಹುದು! 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಡಾ. ಬಾರ್ಕರ್, ಡಾ. ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ಅವರ ಸಹೋದ್ಯೋಗಿಗಳು ಆ ಪುಸ್ತಕಗಳನ್ನು ಹಿಡಿದು, ಅದರಲ್ಲಿದ್ದ ಶಿಶುಗಳು ಈಗ ಎಲ್ಲಿದ್ದಾರೆ ಎಂದು ಮೈಸೂರಿನಲ್ಲಿ ಹುಡುಕಿದರು. 1934ರಿಂದ 1954ರೊಳಗೆ ಹುಟ್ಟಿದ 517 ಮಂದಿಯನ್ನು ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಫಲಿತಾಂಶ ಲೋಕದ ಗಮನ ಸೆಳೆಯಿತು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲೇ ಮುಂದೆ ಹೃದ್ರೋಗ ಹೆಚ್ಚು. ಹಸಿವು ಮುಗಿದ ಮೇಲೂ ಅದರ ಲೆಕ್ಕ ಮುಗಿದಿರಲಿಲ್ಲ.

1997–98ರಲ್ಲಿ ಅದೇ ಆಸ್ಪತ್ರೆಗೆ ಬಂದ ಸುಮಾರು 830 ಗರ್ಭಿಣಿಯರಿಂದ ಇನ್ನೊಂದು ಅಧ್ಯಯನ ಆರಂಭವಾಯಿತು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಆ ಮಕ್ಕಳನ್ನು ಹರೆಯದವರೆಗೂ ಹಿಂಬಾಲಿಸಿದರು. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಐದನೆಯ ವಯಸ್ಸಿಗೇ ಕೊಬ್ಬೂ ಇನ್ಸುಲಿನ್ನೂ ಹೆಚ್ಚಾಗಿದ್ದವು. ಪುಣೆಯಲ್ಲಿ ಡಾ. ಯಾಜ್ಞಿಕ್ ಅವರು 2003ರಲ್ಲಿ ತೋರಿಸಿದ ಸಂಗತಿ ಇದಕ್ಕೆ ಪೂರಕ. ಪುಣೆಯ ಸುತ್ತಿನ ಹಳ್ಳಿಗಳ ಶಿಶು ಸರಾಸರಿ 2.7 ಕಿಲೋ, ಇಂಗ್ಲೆಂಡಿನ ಶಿಶು 3.5 ಕಿಲೋ. ಆದರೆ ನಮ್ಮ ಶಿಶುವಿನಲ್ಲಿ ಕಡಿಮೆಯಾಗಿದ್ದದ್ದು ಮುಖ್ಯವಾಗಿ ಮಾಂಸಖಂಡ. ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ನೋಡಲು ಸಣಕಲು, ಒಳಗೆ ಕೊಬ್ಬು. ದೆಹಲಿಯಲ್ಲಿ 1969–72ರಲ್ಲಿ ಹುಟ್ಟಿದ 1,492 ಮಂದಿಯ ಅಧ್ಯಯನ 2004ರಲ್ಲಿ ಹೊರಬಂದಿತು. ಎರಡು ವರ್ಷದವರೆಗೆ ತೆಳ್ಳಗಿದ್ದು, ಆಮೇಲೆ ಹನ್ನೆರಡರವರೆಗೆ ಬೇಗ ಬೇಗ ಮೈ ಬೆಳೆದವರಿಗೇ ಮೂವತ್ತರ ಸುಮಾರಿಗೆ ಸಕ್ಕರೆ ಏರಿತ್ತು. ಹನ್ನೆರಡನೆಯ ವಯಸ್ಸಿನಲ್ಲಿ ಅವರು ಬೊಜ್ಜಿನ ಮಕ್ಕಳೆಂದು ಯಾರೂ ಹೇಳುವಂತಿರಲಿಲ್ಲ ಎಂಬುದೇ ಇಲ್ಲಿಯ ವಿಶೇಷ.

ಈ ಮೂರೂ ಕಡೆಯ ಮಾತನ್ನು ಒಟ್ಟಿಗಿಟ್ಟು ನೋಡಿದರೆ ತಿಳಿಯುವುದಿಷ್ಟು: ತಲೆಮಾರುಗಳ ಕೊರತೆಯಲ್ಲಿ ರೂಪುಗೊಂಡ ಮೈ ಸಮೃದ್ಧಿಯನ್ನು ತಾಳಲಾರದು. ಬೇರೆಯವರಿಗೆ ಸಾಧಾರಣವೆನಿಸುವ ತೂಕದಲ್ಲೇ ನಮಗೆ ಅಪಾಯ ಆರಂಭ. ಆದ್ದರಿಂದಲೇ ಭಾರತದ ಮಕ್ಕಳ ವೈದ್ಯರ ಸಂಘ 2015ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಪಟ್ಟಿಯಲ್ಲಿ, ದೊಡ್ಡವರ 23 ಮತ್ತು 27ರ ಸೂಚ್ಯಂಕಕ್ಕೆ ಸರಿಹೊಂದುವ ಗೆರೆಗಳನ್ನು ಎಚ್ಚರಿಕೆಯ ಗೆರೆಗಳಾಗಿ ಎಳೆದರು. ಪಶ್ಚಿಮದವರ ಗೆರೆಗಳು 25 ಮತ್ತು 30.

ಮೈಯೊಳಗೆ ಆಗುವುದೇನು?

ಹೊಟ್ಟೆಯ ಒಳಭಾಗದಲ್ಲಿ ಕೊಬ್ಬು ಕೂಡಿದಂತೆ ಇನ್ಸುಲಿನ್ನಿನ ಮಾತನ್ನು ದೇಹ ಕೇಳದಾಗುತ್ತದೆ. ಮೇದೋಜೀರಕಾಂಗ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ; ದಣಿದಾಗ ಸಕ್ಕರೆ ಏರುತ್ತದೆ. ಇದರ ಹೊರಗಿನ ಗುರುತೊಂದು ಕತ್ತಿನ ಹಿಂಭಾಗ ಮತ್ತು ಕಂಕುಳಲ್ಲಿ ಮಸಿ ಬಳಿದಂತೆ ಕಾಣುವ ಕಪ್ಪು. ಕೊಳೆಯೆಂದು ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ಅದು ಹೋಗದು, ತೋರಿಸಬೇಕಾದದ್ದು ವೈದ್ಯರಿಗೆ. ಲಿವರಿನಲ್ಲಿ ಕೊಬ್ಬು ತುಂಬುವುದಕ್ಕೆ ನೋವಿಲ್ಲ, ಗುರುತಿಲ್ಲ. ರಾತ್ರಿ ಗೊರಕೆ ಹೊಡೆದು ಉಸಿರು ಕಟ್ಟಿ ಕಟ್ಟಿ ಏಳುವ ಹುಡುಗ ಹಗಲು ತರಗತಿಯಲ್ಲಿ ತೂಕಡಿಸುತ್ತಾನೆ. ಅವನನ್ನು ನಾವು ಸೋಮಾರಿ ಎನ್ನುತ್ತೇವೆ. ಹೆಣ್ಣುಮಕ್ಕಳು ಬೇಗ ಮೈನೆರೆಯುವುದು, ಮುಟ್ಟಿನ ಏರುಪೇರು, ಮುಖದ ಮೇಲೆ ಕೂದಲು ಇವುಗಳಿಗೂ ಬೊಜ್ಜಿನ ನಂಟಿದೆ. ಮಂಡಿ, ಸೊಂಟದ ಕೀಲುಗಳು ಹೊರಲಾರದ ಭಾರ ಹೊರುತ್ತವೆ. ಕೆಲವೊಮ್ಮೆ ಬೆಳೆಯುವ ತೊಡೆಮೂಳೆಯ ತಲೆಯೇ ಜಾರುವುದುಂಟು. ಇವೆಲ್ಲಕ್ಕಿಂತ ಬೇಗ ತಾಗುವುದು ಮನಸ್ಸಿನ ನೋವು. "ಡುಮ್ಮ" ಎಂದು ಶಾಲೆಯಲ್ಲಿ ಕರೆಸಿಕೊಂಡ ಮಗು ಆಟದ ಬಯಲಿನಿಂದ ದೂರವಾಗುತ್ತದೆ. ದೂರವಾದಷ್ಟೂ ಮೈ ಬೆಳೆಯುತ್ತದೆ.

ನಮ್ಮ ಅಮೀರ್‌ಪೇಟೆ

ಕೊರತೆಯನ್ನು ಅಳೆಯಲು ಹುಟ್ಟಿದ ತಾರ್ನಾಕದ ಅದೇ ಸಂಸ್ಥೆ ಹೈದರಾಬಾದಿನ 12ರಿಂದ 17 ವರ್ಷದ 1,208 ಮಕ್ಕಳನ್ನು ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿತು. ಶೇಕಡ 7.2ರಷ್ಟು ಮಕ್ಕಳು ಅತಿತೂಕದವರು. ಹೊರಗೆ ಆಡುವ ಮಕ್ಕಳಲ್ಲಿ, ಮನೆಗೆಲಸದಲ್ಲಿ ಕೈಜೋಡಿಸುವ ಮಕ್ಕಳಲ್ಲಿ ಇದು ಕಡಿಮೆ. ದಿನಕ್ಕೆ ಮೂರು ಗಂಟೆಗೂ ಹೆಚ್ಚು ಟಿ.ವಿ. ನೋಡುವವರಲ್ಲಿ ಹೆಚ್ಚು. ಟಿ.ವಿ.ಯ ಜಾಗಕ್ಕೆ ಆಮೇಲೆ ಅಂಗೈಯ ಮೊಬೈಲ್ ಬಂದಿದೆ.

2016–18ರ ರಾಷ್ಟ್ರವ್ಯಾಪಿ ಮಕ್ಕಳ ಪೌಷ್ಟಿಕತಾ ಸಮೀಕ್ಷೆ ಇನ್ನೂ ಯೋಚಿಸುವಂತೆ ಮಾಡುತ್ತದೆ. 10ರಿಂದ 19 ವರ್ಷದವರಲ್ಲಿ ತೀರ ತೆಳ್ಳಗಿದ್ದವರು ಶೇಕಡ 24. ಅತಿತೂಕದವರು ಶೇಕಡ 5. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರು ಶೇಕಡ 10. ಅಂದರೆ ದಪ್ಪಗೆ ಕಾಣುವವರಿಗಿಂತ ಸಕ್ಕರೆ ಏರುತ್ತಿರುವವರೇ ಹೆಚ್ಚು. ಮೈಸೂರು, ಪುಣೆಗಳ ಪಾಠ ಇಡೀ ದೇಶದ ಅಂಕಿಗಳಲ್ಲಿ ಮತ್ತೆ ಕಾಣುತ್ತದೆ. ಲೋಕದ ಮಟ್ಟಿಗೆ ಹೇಳುವುದಾದರೆ, ಶಾಲಾ ವಯಸ್ಸಿನ ಮಕ್ಕಳಲ್ಲಿ ಬೊಜ್ಜಿನವರ ಪ್ರಮಾಣ ತೂಕ ಸಾಲದವರ ಪ್ರಮಾಣವನ್ನು ಮೊದಲ ಬಾರಿಗೆ ಮೀರಿತೆಂದು ಯುನಿಸೆಫ್ 2025ರಲ್ಲಿ ವರದಿ ಮಾಡಿತು.

ನಮ್ಮ ಬಡಾವಣೆಯ ಜೀವನವನ್ನೇ ನೋಡೋಣ. ಅಮೀರ್‌ಪೇಟೆಯೆಂದರೆ ಕೋಚಿಂಗ್ ತರಗತಿಗಳ ಪೇಟೆ. ನಮ್ಮ ಮಕ್ಕಳ ದಿನವೂ ಆ ಪೇಟೆಯಂತೆಯೇ ಆಗಿದೆ: ಶಾಲೆಯಿಂದ ಟ್ಯೂಷನ್, ಟ್ಯೂಷನ್‌ನಿಂದ ಮನೆ. ಫ್ಲಾಟಿನ ಕೆಳಗೆ ಕಾರು ನಿಲ್ಲಿಸಲು ಜಾಗವುಂಟು, ಚೆಂಡು ಉರುಳಿಸಲು ಇಲ್ಲ. ಊರು ಬಿಟ್ಟು ಬಂದ ನಾವು ಮಕ್ಕಳಿಗೆ ಅಜ್ಜಿಯ ಮನೆ, ಹಿತ್ತಿಲು, ಕೆರೆ ಏರಿ ಕೊಡಲಾರೆವು. ಆ ಕೊರಗಿಗೆ ಬದಲಾಗಿ ಚಿಪ್ಸು, ತಂಪು ಪಾನೀಯ, ಬೇಕರಿಯ ಪೊಟ್ಟಣ ಕೊಡುತ್ತೇವೆ. ಪ್ರೀತಿ ತೋರಿಸುವ ಸುಲಭದ ದಾರಿ ಇದಾಗಿದೆ. ಇದರಲ್ಲಿ ಮಗುವಿನ ತಪ್ಪೇನು?

ದಾರಿ

ಈ ಚರಿತ್ರೆಯಲ್ಲಿ ಒಂದು ಸಂತೋಷದ ಪುಟವೂ ಇದೆ. ಬೊಗಲೂಸಾವೂ ಸೇರಿದಂತೆ ನಾಲ್ಕು ದೊಡ್ಡ ಅಧ್ಯಯನಗಳ 6,328 ಮಂದಿಯನ್ನು ಒಟ್ಟಿಗೆ ನೋಡಿ 2011ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಚಿಕ್ಕಂದಿನಲ್ಲಿ ಅತಿತೂಕವಿದ್ದರೂ ದೊಡ್ಡವರಾಗುವ ಹೊತ್ತಿಗೆ ಬೊಜ್ಜು ಕಳೆದುಕೊಂಡವರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಅಪಾಯ ಎಂದೂ ಬೊಜ್ಜಿಲ್ಲದವರಷ್ಟಕ್ಕೇ ಇಳಿದಿತ್ತು. ಕಾಲ ಮೀರಿಲ್ಲ.

ಮೊದಲು ಕಣ್ಣಳತೆ ಬಿಟ್ಟು ನಿಜವಾದ ಅಳತೆ ಹಿಡಿಯಬೇಕು. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಾರಿ ಭಾಗಿಸಿದರೆ ಸೂಚ್ಯಂಕ ಬರುತ್ತದೆ. ಒಂದೂವರೆ ಮೀಟರ್ ಎತ್ತರ, 54 ಕಿಲೋ ತೂಕದ ಮಗುವಿನದು 24. ಮಕ್ಕಳಿಗೆ ಇದನ್ನು ವಯಸ್ಸಿನ ಪಟ್ಟಿಯಲ್ಲಿಟ್ಟೇ ನೋಡಬೇಕಾದ್ದರಿಂದ ವೈದ್ಯರಲ್ಲಿ ಕೇಳುವುದು ಉತ್ತಮ. ಮನೆಯಲ್ಲಿ ಮಾಡಬಹುದಾದ ಸುಲಭ ಪರೀಕ್ಷೆ ಇನ್ನೊಂದಿದೆ: ಐದಾರು ವರ್ಷ ದಾಟಿದ ಮಗುವಿನ ಸೊಂಟದ ಸುತ್ತಳತೆ ಎತ್ತರದ ಅರ್ಧವನ್ನು ಮೀರಬಾರದು.

ಬೆಳೆಯುವ ಮಗುವನ್ನು ಉಪವಾಸ ಕೆಡವಬಾರದು. ಎತ್ತರ ಏರುತ್ತಿರುವಾಗ ತೂಕ ನಿಂತಲ್ಲಿ ನಿಂತರೂ ಎಷ್ಟೋ ಮಕ್ಕಳಿಗೆ ಅದೇ ಸಾಕಾಗುತ್ತದೆ. ಸಿಹಿ ಪಾನೀಯದ ಬದಲು ನೀರು, ಮಜ್ಜಿಗೆ. ಪೊಟ್ಟಣದ ತಿಂಡಿಯ ಬದಲು ಉಸಲಿ, ಕೋಸಂಬರಿ, ಹಣ್ಣು. ಜೋಳದ ರೊಟ್ಟಿ, ರಾಗಿ ಮುದ್ದೆ, ಸೊಪ್ಪಿನ ಸಾರು ಒಳ್ಳೆಯವೇ. ಆದರೆ ರಾಗಿಯೆಂದು ಮೂರು ಮುದ್ದೆ ಉಂಡು ಕುಳಿತರೆ ಅದೂ ಬೊಜ್ಜೇ. ದಿನಕ್ಕೆ ಒಂದು ಗಂಟೆ ಮೈ ಬೆವರುವ ಆಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಟ್ಟೆ ಒಣಹಾಕುವುದು, ಅಂಗಡಿಗೆ ನಡೆದುಹೋಗುವುದು ಗಂಡು ಹೆಣ್ಣು ಎಲ್ಲ ಮಕ್ಕಳಿಗೂ ಇರಲಿ. ಗರ್ಭಿಣಿಯಾದ ಮಗಳು, ಸೊಸೆಯರಿಗೆ ಸಕ್ಕರೆ ಪರೀಕ್ಷೆ ತಪ್ಪದೆ ಮಾಡಿಸಬೇಕು. ಮಗುವಿನ ಆರೋಗ್ಯದ ಮೊದಲ ಅಧ್ಯಾಯ ಅಲ್ಲಿದೆಯೆಂದು ಮೈಸೂರಿನ ಅಧ್ಯಯನ ಕಲಿಸಿದೆ.

ಶಾಲೆಯ ಆವರಣದಲ್ಲೂ ಅದರ ಸುತ್ತ 50 ಮೀಟರಿನೊಳಗೂ ಅತಿ ಕೊಬ್ಬು, ಸಕ್ಕರೆ, ಉಪ್ಪಿನ ತಿನಿಸು ಮಾರಬಾರದೆಂದು 2020ರಲ್ಲಿ ನಿಯಮವಾಗಿದೆ. ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆ ಎಂಬ ಫಲಕ ಹಾಕಬೇಕೆಂದು ಸಿ.ಬಿ.ಎಸ್.ಇ. 2025ರಲ್ಲಿ ತನ್ನ ಶಾಲೆಗಳಿಗೆ ತಿಳಿಸಿದೆ. ಇವು ನಡೆಯುತ್ತಿವೆಯೇ ಎಂದು ಪೋಷಕರ ಸಭೆಯಲ್ಲಿ ಕೇಳುವ ಹಕ್ಕು ನಮ್ಮದು.

ಸಂಘವಾಗಿ ನಾವು ಮಾಡಬಹುದಾದದ್ದೂ ಇದೆ. ರಾಜ್ಯೋತ್ಸವದ ದಿನ ಒಂದು ತಕ್ಕಡಿ, ಒಂದು ಟೇಪು, ನಮ್ಮವರೇ ಆದ ಒಬ್ಬ ಮಕ್ಕಳ ವೈದ್ಯರು ಇದ್ದರೆ ಎಷ್ಟೋ ಮನೆಗಳಿಗೆ ಉಪಕಾರ. ಅಳತೆಯನ್ನು ತಂದೆತಾಯಿಗಳಿಗೆ ಮಾತ್ರ, ಗುಟ್ಟಾಗಿ ತಿಳಿಸಬೇಕು. ನಾಲ್ಕು ಜನರೆದುರು ಮಗುವಿನ ಮೈಯನ್ನು ಆಡಿಕೊಳ್ಳಬಾರದು. ಭಾನುವಾರ ಬೆಳಿಗ್ಗೆ ಹತ್ತಿರದ ಯಾವುದಾದರೂ ಮೈದಾನದಲ್ಲಿ ಕಬಡ್ಡಿ, ಖೋಖೋ, ಲಗೋರಿ ಆಡಿಸಿದರೆ ಮಕ್ಕಳ ಮೈಗೂ ಹಿತ, ಅವರ ಕನ್ನಡಕ್ಕೂ ಹಿತ. ಬರದ ಕಾಲದ ಹಿರಿಯರು ತಮ್ಮ ಮಕ್ಕಳ ತಟ್ಟೆ ಖಾಲಿಯಾಗದಂತೆ ನೋಡಿಕೊಂಡರು. ಆ ತಟ್ಟೆಯಲ್ಲಿ ಏನು, ಎಷ್ಟು ಎಂದು ನೋಡಿಕೊಳ್ಳುವ ಸರದಿ ಈಗ ನಮ್ಮದು. ಇದನ್ನು ಬರುವ ರಾಜ್ಯೋತ್ಸವದಿಂದಲೇ ಆರಂಭಿಸೋಣ.